ಹಿತ್ತಲಿನ ನಕ್ಷೆ

2023ರಲ್ಲಿ ನನ್ನ ಪಾಲಿಗೆ 22 ಅಡಿ ಉದ್ದ, 9 ಅಡಿ ಅಗಲದ ಒಂದು ತುಂಡು ನೆಲ ಬಂದಿತು. ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ತಾತನವರು ಕಟ್ಟಿಸಿದ್ದ ಮನೆಯನ್ನು ನಾವು ಒಡಹುಟ್ಟಿದವರು ಸೇರಿ ಕೆಡವಿಸಿ, ಅದೇ ನಿವೇಶನದಲ್ಲಿ ನಾಲ್ಕು ಸಂಸಾರಗಳಿಗೆ ಆಗುವ ಕಟ್ಟಡವನ್ನು ಎಬ್ಬಿಸಿದೆವು. ಮೆಟ್ಟಿಲು ಹತ್ತಲಾರೆನೆಂಬ ನೆಪ ಹೇಳಿ ನಾನು ನೆಲದಂತಸ್ತಿನ ಮನೆಯನ್ನು ಕೇಳಿ ಪಡೆದುಕೊಂಡೆ. ನಿಜವಾಗಿ ನನ್ನ ಕಣ್ಣು ಇದ್ದದ್ದು ಆ ಮನೆಯ ಹಿಂದೆ, ಉತ್ತರದ ಗೋಡೆಗೂ ಕಾಂಪೌಂಡಿಗೂ ನಡುವೆ ಉಳಿದ ಈ ಪಟ್ಟಿಯ ಮೇಲೆ. 37 ವರ್ಷ ಕಾಲ ತರಗತಿಯಲ್ಲಿ ಹಳಗನ್ನಡ ಕಾವ್ಯಗಳ ಉದ್ಯಾನವರ್ಣನೆಗಳಿಗೆ ಅರ್ಥ ಹೇಳಿದವನು ನಾನು. ಹದಿನೆಂಟು ವರ್ಣನೆಗಳಲ್ಲಿ ಅದೂ ಒಂದಲ್ಲವೆ? ಮಾವಿಗೆ ಮಲ್ಲಿಗೆ ಹಬ್ಬಿದ್ದನ್ನೂ ಕೋಗಿಲೆ ಕೂಗಿದ್ದನ್ನೂ ಬಾಯಿಪಾಠವಾಗಿ ಹೇಳಬಲ್ಲೆ. ಒಂದು ಮಲ್ಲಿಗೆಯ ಬಳ್ಳಿಗೆ ಎಷ್ಟು ಆಳದ ಗುಂಡಿ ಬೇಕೆಂದು ಕೇಳಿದ್ದರೆ ತಡವರಿಸುತ್ತಿದ್ದೆ.

198 ಚದರ ಅಡಿ ನೆಲಕ್ಕೆ ನಕ್ಷೆಯೇಕೆ, ಅದರ ಇತಿಹಾಸವೇಕೆ ಎಂದು ಕೇಳುಗರು ನಗಬಹುದು. ನಾನೂ ಹಾಗೆಯೇ ಎಣಿಸಿದ್ದೆ. ಆದರೆ ನನ್ನ ಮಗಳು ಬಿಡಲಿಲ್ಲ. ತೋಟಗಳ ವಿನ್ಯಾಸವನ್ನೇ ವೃತ್ತಿ ಮಾಡಿಕೊಂಡಿದ್ದ ತನ್ನ ಗೆಳತಿಯೊಬ್ಬಳನ್ನು ಕರೆತಂದಳು. ಆ ಹುಡುಗಿ ಬಹಳ ಶ್ರದ್ಧೆಯವಳು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಬಂದು ಬಿಸಿಲು ಎಲ್ಲಿ ಬೀಳುತ್ತದೆಂದು ಗುರುತು ಹಾಕಿಕೊಂಡಳು. ಬೆಂಗಳೂರು ಹದಿಮೂರನೆಯ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಆಗ ಮಾತ್ರ ಈ ಪಟ್ಟಿಗೆ ಚೆನ್ನಾಗಿ ಬಿಸಿಲು, ಉಳಿದ ಕಾಲವೆಲ್ಲ ನಮ್ಮ ಕಟ್ಟಡದ್ದೇ ನೆರಳು ಎಂದು ನನಗೆ ತಿಳಿಸಿಕೊಟ್ಟವಳು ಅವಳೇ. ವಾರದ ಮೇಲೆ ಬಣ್ಣದ ನಕ್ಷೆ ತಂದಳು. ಅದರಲ್ಲಿ ಬೇಸಾಯದ ಗೋಜಿಲ್ಲದ ಪ್ಲಾಸ್ಟಿಕ್ ಹುಲ್ಲುಹಾಸು, ಬಿಳಿಯ ಬೆಣಚುಕಲ್ಲು, ಗೋಡೆಗೆ ಒರಗಿದ ಬಿದಿರು, ಮೂಲೆಯಲ್ಲಿ ಕಣ್ಣು ಮುಚ್ಚಿದ ಬುದ್ಧನ ತಲೆ ಇದ್ದವು. ಆ ಮಹಾನುಭಾವನ ತಲೆಯನ್ನು ಮಾತ್ರ ಕತ್ತರಿಸಿ ತೋಟದಲ್ಲಿಡುವ ಪದ್ಧತಿ ಎಲ್ಲಿಂದ ಬಂದಿತೋ ನನಗೆ ಅರ್ಥವಾಗುವುದಿಲ್ಲ, ಅದಿರಲಿ. "ನೀರು ಎಲ್ಲಿಂದ ಬರುತ್ತದಮ್ಮಾ?" ಎಂದು ಕೇಳಿದೆ. "ಸಂಪಿನಿಂದ ಸರ್, ಒಂದು ನಲ್ಲಿ ಕೊಟ್ಟರೆ ಸಾಕು" ಎಂದಳು. ಇದು ನಡೆದದ್ದು 2024ರ ಮಾರ್ಚ್ ತಿಂಗಳಲ್ಲಿ. ಕೊಳವೆಬಾವಿಗಳು ಬತ್ತಿ ಬೀದಿಬೀದಿಯಲ್ಲಿ ಟ್ಯಾಂಕರಿಗಾಗಿ ಜನ ಕಾಯುತ್ತಿದ್ದ ಆ ಬೇಸಗೆಯಲ್ಲಿ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಅದೇ ತಿಂಗಳು ಆಜ್ಞೆ ಹೊರಡಿಸಿತು. ನಮ್ಮ ಬಣ್ಣದ ನಕ್ಷೆ ಮೇಜಿನ ಮೇಲೆಯೇ ಉಳಿಯಿತು.

ಹಾಗಾದರೆ ಹಿಂದಿನವರು ಏನು ಮಾಡುತ್ತಿದ್ದರು? ಊರೊಳಗೆ ಮನೆ ಕಟ್ಟಿಕೊಂಡು, ಅದಕ್ಕೆ ಅಂಟಿದ ಅಂಗೈಯಗಲದ ನೆಲದಲ್ಲಿ ಗಿಡ ಬೆಳೆಸಿದವರು ನಾವೇ ಮೊದಲಿಗರಲ್ಲವಷ್ಟೆ. ಅಧ್ಯಾಪಕನ ಹಳೆಯ ಚಾಳಿಯಂತೆ ನಾನು ಮೊದಲು ಪುಸ್ತಕಗಳ ಕಡೆಗೆ ತಿರುಗಿದೆ.

ನಾಗರಿಕನ ಮನೆಯ ತೋಟದ ಬಗ್ಗೆ ನಮ್ಮಲ್ಲಿ ಅತ್ಯಂತ ಖಚಿತವಾಗಿ ಬರೆದಿರುವವನು, ಜನ ಬೇರೊಂದು ಕಾರಣಕ್ಕಾಗಿ ಓದುವ ವಾತ್ಸ್ಯಾಯನ. ಗೃಹಿಣಿಯ ಕೆಲಸಗಳನ್ನು ಹೇಳುವ ಭಾಗದಲ್ಲಿ ಅವನು ಸೊಪ್ಪಿನ ಪಾತಿಗಳನ್ನೂ ಕಬ್ಬಿನ ಮೆಳೆಯನ್ನೂ ಜೀರಿಗೆ ಸಾಸಿವೆಗಳನ್ನೂ ಹೆಸರಿಸುತ್ತಾನೆ. ನೆಲ್ಲಿ, ಮಲ್ಲಿಗೆ, ಜಾಜಿ, ನಂದಿಬಟ್ಟಲು, ದಾಸವಾಳ ಬರುತ್ತವೆ, ಲಾವಂಚ ಬರುತ್ತದೆ, ಕುಳಿತುಕೊಳ್ಳಲು ಚೆಂದದ ಜಗಲಿ ಇರಬೇಕೆನ್ನುತ್ತಾನೆ. ಮೂಲಂಗಿ, ಸೌತೆ, ಬದನೆ, ಸೋರೆ, ಕುಂಬಳಗಳ ಬೀಜವನ್ನು ಕೂಡಿಟ್ಟು ಕಾಲಕ್ಕೆ ಸರಿಯಾಗಿ ಬಿತ್ತುವ ಹೊಣೆಯೂ ಆಕೆಯದೇ. ಮತ್ತೆ ಇವೆಲ್ಲಕ್ಕೂ ನಡುವೆ ಬಾವಿಯನ್ನೋ ಕೊಳವನ್ನೋ ತೋಡಿಸಬೇಕು. ಇದರಲ್ಲಿ ಎರಡು ಸಂಗತಿಗಳು ನನ್ನನ್ನು ಹಿಡಿದು ನಿಲ್ಲಿಸಿದವು: ತೋಟ ಹೆಂಗಸಿನದು, ತೋಟದ ನಡುವೆ ನೀರು.

ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮೊದಲು ಮನೆ ಕಟ್ಟುವ ವಾಸ್ತುವಿನ ಅಧ್ಯಾಯ, ಅದರ ಬೆನ್ನಿಗೆ ನೆಲದಡಿಯ ನೀರನ್ನು ಗುರುತಿಸುವ ಅಧ್ಯಾಯ, ಅದಾದ ಮೇಲೆ ವೃಕ್ಷಾಯುರ್ವೇದ. ಮನೆ, ನೀರು, ಮರ ಎಂಬ ಈ ಸಾಲು ಆಕಸ್ಮಿಕವಿರಲಾರದು. ನಮ್ಮ ಕನ್ನಡದಲ್ಲಿ 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ರಚಿಸಿದ 'ಲೋಕೋಪಕಾರ'ವೂ ವಾಸ್ತುವನ್ನೂ ನೀರಿನ ಪರೀಕ್ಷೆಯನ್ನೂ ವೃಕ್ಷಾಯುರ್ವೇದವನ್ನೂ ಅಡುಗೆಯ ಶಾಸ್ತ್ರವನ್ನೂ ಒಂದೇ ಹೊತ್ತಗೆಯಲ್ಲಿ ಕಟ್ಟಿಡುತ್ತದೆ. ನಾವು ಸಾಹಿತ್ಯದವರು ಅದನ್ನು ಶಾಸ್ತ್ರಗ್ರಂಥವೆಂದು ಬದಿಗೆ ಸರಿಸಿ, ಒಂದು ವಾಕ್ಯದ ಉಲ್ಲೇಖ ಕೊಟ್ಟು, ಚಂಪೂಕಾವ್ಯಗಳ ಕಡೆಗೆ ನಡೆದುಬಿಟ್ಟೆವು. ನಾನೂ ಹಾಗೆಯೇ ಮಾಡಿದವನು.

ವರಾಹಮಿಹಿರನ ಒಂದು ಲೆಕ್ಕ ಮಾತ್ರ ಇಲ್ಲಿ ಹೇಳಲೇಬೇಕು. ಮರದಿಂದ ಮರಕ್ಕೆ 20 ಮೊಳ ಅಂತರವಿದ್ದರೆ ಉತ್ತಮ, 16 ಮಧ್ಯಮ, 12 ಕನಿಷ್ಠ; ಕೊಂಬೆ ಕೊಂಬೆ ತಾಗಿ ಬೇರು ಬೇರು ಹೆಣೆದುಕೊಂಡ ಮರಗಳು ಸರಿಯಾಗಿ ಫಲ ಕೊಡುವುದಿಲ್ಲ ಎನ್ನುತ್ತಾನೆ. ಮೊಳಕ್ಕೆ ಒಂದೂವರೆ ಅಡಿ ಹಿಡಿದರೆ 20 ಮೊಳವೆಂದರೆ 30 ಅಡಿ. ಬೆಂಗಳೂರಿನಲ್ಲಿ ಮಧ್ಯಮ ವರ್ಗದವರು ಆಯುಷ್ಯವೆಲ್ಲ ದುಡಿದು ಕೊಳ್ಳುವ 'ಮೂವತ್ತು ನಲವತ್ತು' ಸೈಟಿನ ಅಗಲವೇ ಅಷ್ಟು! ಶಾಸ್ತ್ರಪ್ರಕಾರ ಅಂಥ ಸೈಟಿಗೆ ಒಂದು ಮರ, ಮನೆಯಿಲ್ಲ. ನನ್ನ ಪಟ್ಟಿಯಲ್ಲಿ ಆ ಕಡೆಗೊಂದು ಈ ಕಡೆಗೊಂದು ಮರ ನೆಟ್ಟರೆ ಕನಿಷ್ಠದ ಅಳತೆಗೆ ಸರಿಹೋಗುತ್ತದೆ.

ಇನ್ನು ನಮ್ಮ ಊರಿನ ಮಾತು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಕೋಟೆಯ ಪೇಟೆಯೊಳಗೆ ತೋಟಕ್ಕೆ ಎಡೆ ಕಡಮೆ. ಗೋಡೆಗೆ ಗೋಡೆ ಅಂಟಿದ ಮನೆಗಳ ತೊಟ್ಟಿಯಲ್ಲಿ ಒಂದು ತುಳಸಿ, ಬಾವಿಯಿದ್ದರೆ ಅದರ ಮಗ್ಗುಲಲ್ಲಿ ಒಂದು ಬಾಳೆ. ಹೂವೂ ಸೊಪ್ಪೂ ಬೆಳೆಯುತ್ತಿದ್ದದ್ದು ಹೊರಗೆ, ಕೆರೆಗಳ ಸುತ್ತ, ತಿಗಳರ ತೋಟಗಳಲ್ಲಿ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಆ ಜನರ ಕರಗ ಮಾತ್ರ ಚೈತ್ರದ ಹುಣ್ಣಿಮೆಗೆ ಇಂದಿಗೂ ಹೊರಡುತ್ತದೆ.

1760ರಲ್ಲಿ ಹೈದರಾಲಿ ಲಾಲ್‌ಬಾಗನ್ನು ತೊಡಗಿದ. ಟಿಪ್ಪು ದೂರದೇಶಗಳಿಂದ ಸಸಿಬೀಜಗಳನ್ನು ತರಿಸಿ ಬೆಳೆಸಿದ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಬೆಂಗಳೂರಿಗೆ ಬಂದು ಸುಲ್ತಾನನ ತೋಟಗಳನ್ನು ನೋಡಿ ಬರೆದಿಟ್ಟಿದ್ದಾನೆ. ಚೌಕ ಚೌಕವಾದ ಮಡಿಗಳು, ನಡುವೆ ಓಡಾಡುವ ದಾರಿ, ದಾರಿಯ ಅಂಚಿಗೆ ಸೈಪ್ರೆಸ್ ಮರಗಳು; ಒಂದು ಚೌಕದ ತುಂಬ ಗುಲಾಬಿಯೇ, ಇನ್ನೊಂದರ ತುಂಬ ದಾಳಿಂಬೆಯೇ. ಹಣ್ಣಿನ ಮರವೂ ಅಡುಗೆಯ ಸೊಪ್ಪೂ ಅದೇ ತೋಟದಲ್ಲಿ. ಈ ಚೌಕದ ಕ್ರಮ ಪರ್ಷಿಯಾದ ಚಾರ್‌ಬಾಗಿನದು. ಅಲ್ಲಿ ತೋಟವನ್ನು ನಾಲ್ಕು ಭಾಗ ಮಾಡುತ್ತಿದ್ದ ಗೆರೆಗಳೆಂದರೆ ಅಡ್ಡಹಾಯುವ ಎರಡು ನೀರಿನ ಕಾಲುವೆಗಳು. ಇಂದು ನಾವು ಚಿತ್ರಪಟಗಳಲ್ಲಿ ಅಲಂಕಾರವೆಂದು ನೋಡಿ ಮೆಚ್ಚುವ ಆ ರೇಖಾಗಣಿತ ಮೂಲದಲ್ಲಿ ನೀರು ಹಾಯಿಸುವವನ ರೇಖಾಗಣಿತ. ವಾತ್ಸ್ಯಾಯನನ ನಡುಬಾವಿಗೂ ಇದಕ್ಕೂ ದೇಶಕಾಲಗಳ ಅಂತರ ಎಷ್ಟೇ ಇರಲಿ, ಎರಡೂ ಕಡೆ ಮೊದಲು ಗೆರೆ ಎಳೆದದ್ದು ನೀರೇ.

1809ರಲ್ಲಿ ದಂಡುಪ್ರದೇಶ ನೆಲೆಯಾಯಿತು. ಬಂಗಲೆಗಳ ಎಕರೆಗಟ್ಟಲೆ ಕಾಂಪೌಂಡುಗಳು, ಕುಂಡಗಳ ಸಾಲು, ಜರೀಗಿಡಗಳು, ಹುಲ್ಲುಹಾಸು ಇವೆಲ್ಲ ನಮ್ಮ ಸಣ್ಣ ತೋಟದ ಕಥೆಗೆ ನೇರವಾಗಿ ಸೇರಿದವಲ್ಲ. ಸೇರುವುದು ಮುಂದೆ, ಬಸವನಗುಡಿ ಮಲ್ಲೇಶ್ವರಗಳು ಹುಟ್ಟಿದಾಗ. ಆ ಬಡಾವಣೆಗಳ ಯೋಜನೆ 1890ರ ದಶಕದ ಮೊದಲಿಗೇ ಆರಂಭವಾಗಿತ್ತಾದರೂ ಜನರನ್ನು ಪೇಟೆಯ ಗಲ್ಲಿಗಳಿಂದ ಹೊರಕ್ಕೆ ಓಡಿಸಿದ್ದು 1898ರ ಪ್ಲೇಗು. ಗಾಳಿ ಬೆಳಕು ಬೇಕು, ಮನೆಗೂ ಮನೆಗೂ ನಡುವೆ ಬಯಲು ಬೇಕು ಎಂಬುದು ಆ ಮಹಾಮಾರಿ ಕಲಿಸಿದ ಪಾಠ. ಹೀಗೆ ಸಾಮಾನ್ಯ ಗುಮಾಸ್ತನ ಮನೆಗೂ ಮುಂದೊಂದು ಹಿಂದೊಂದು ಖಾಲಿ ನೆಲ ದೊರೆಯಿತು. ಬೆಂಗಳೂರಿನ ಸಣ್ಣ ತೋಟ ಸಾವಿನ ಭಯದಿಂದ ಹುಟ್ಟಿದ್ದೆಂದರೆ ಅತಿಶಯೋಕ್ತಿಯಲ್ಲ. ಅದಕ್ಕೆ ಎರಡು ವರ್ಷ ಮೊದಲು, 1896ರಲ್ಲಿ, ಹೆಸರಘಟ್ಟದ ಕೆರೆಯಿಂದ ಕೊಳವೆಯ ನೀರು ಊರಿಗೆ ಬಂದಿತ್ತು.

ಈ ಎರಡು ಘಟನೆಗಳು ಕೂಡಿದ ಕಡೆಯಲ್ಲಿ ನಮ್ಮ ತೋಟ ಇಬ್ಭಾಗವಾಯಿತು ಎಂಬುದು ನನ್ನ ಎಣಿಕೆ. ಕೊಳಾಯಿ ಬೀದಿಯ ಕಡೆಯಿಂದ ಬಂದಿತು. ಮುಂದಿನ ಅಂಗಳ ಅದರ ಪಾಲಾಯಿತು. ಬಾವಿ ಹಿಂದೆಯೇ ಉಳಿಯಿತು. ಹಿತ್ತಲು ಅದರ ಪಾಲಾಯಿತು. ತಿರುಗಿಸಿದರೆ ನೀರು ಬರುವಲ್ಲಿ ಗಿಡವನ್ನು ಎಲ್ಲಿಟ್ಟರೂ ನಡೆದೀತು. ಆದ್ದರಿಂದ ಮುಂದಿನ ತೋಟದ ನಕ್ಷೆಯನ್ನು ಕಣ್ಣು ಬರೆಯಿತು. ಅದಕ್ಕೆ ಮಾದರಿ ಲಾಲ್‌ಬಾಗು. 1856ರಲ್ಲಿ ಸರ್ಕಾರಿ ಸಸ್ಯತೋಟವಾಗಿದ್ದ ಅದಕ್ಕೆ 1874ರಲ್ಲಿ ಬಂದ ಜಾನ್ ಕ್ಯಾಮರನ್, 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ, 1908ರಲ್ಲಿ ಬಂದು ಇಲ್ಲಿಯೇ ಮಣ್ಣಾದ ಜರ್ಮನಿಯ ಕೃಂಬಿಗಲ್, 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ, ಫಲಪುಷ್ಪ ಪ್ರದರ್ಶನಗಳು, ಇವನ್ನೆಲ್ಲ ಬಲ್ಲವರು ಬರೆದಿದ್ದಾರೆ. ನಾನು ಕಂಡದ್ದು ಅದರ ಕೊನೆಯ ಅಲೆ: ನನ್ನ ತಂದೆ.

ತಂದೆಯವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. 1960ರ ದಶಕದಲ್ಲಿ ಜನವರಿಗೊಮ್ಮೆ ಆಗಸ್ಟಿಗೊಮ್ಮೆ ಅವರು ಕೋಟು ತೊಟ್ಟು, ಕೈಯಲ್ಲೊಂದು ಟಿಪ್ಪಣಿ ಪುಸ್ತಕ ಹಿಡಿದು ಲಾಲ್‌ಬಾಗಿನ ಪ್ರದರ್ಶನಕ್ಕೆ ಹೋಗುತ್ತಿದ್ದರು. ನಾನು ಬಾಲದಂತೆ ಹಿಂದೆ. ಡೇಲಿಯಾದ ಬಣ್ಣ, ಕ್ರೋಟನ್ನಿನ ಎಲೆಯ ಗೆರೆ, ಎಲ್ಲವನ್ನೂ ಬರೆದುಕೊಳ್ಳುವರು. ಮನೆಯ ಮುಂದೆ ಹಗ್ಗ ಗೂಟ ಹಿಡಿದು ಒಂದು ವೃತ್ತ ಬರೆದು, ಸುತ್ತಲೂ ಇಟ್ಟಿಗೆಗಳನ್ನು ಮೂಲೆ ಮೇಲಾಗಿ ನೆಟ್ಟು, ನಡುವೆ ಕಾಬಾಳೆ, ಅಂಚಿಗೆ ಬಣ್ಣದ ಎಲೆಗಿಡ. ಗೇಟಿನ ಕಮಾನಿಗೆ ಕಾಗದದ ಹೂವಿನ ಬಳ್ಳಿ. ಅದನ್ನು ಬೀದಿಯವರೆಲ್ಲ ನಿಂತು ನೋಡುತ್ತಿದ್ದರು. ಮನೆಯ ಮದುವೆ ಮುಂಜಿಗಳ ಭಾವಚಿತ್ರಗಳೆಲ್ಲ ಆ ವೃತ್ತದ ಮುಂದೆಯೇ ತೆಗೆದವು. ಹಾಗಾಗಿ ತಂದೆಯವರ ತೋಟದ ಪ್ರತಿಯೊಂದು ಗಿಡಕ್ಕೂ ದಾಖಲೆಯಿದೆ.

ಅಮ್ಮನ ಹಿತ್ತಲಿಗೆ ಒಂದು ಚಿತ್ರವೂ ಇಲ್ಲ.

ಹಿತ್ತಲೆಂಬ ಮಾತಿನಲ್ಲಿಯೇ 'ಹಿಂದು' ಅಡಗಿದೆ. ಹಳಗನ್ನಡದ 'ಪಿತ್ತಿಲ್' ಅದು. ಕಾವ್ಯದ ಉದ್ಯಾನಕ್ಕೆ ಅದು ಸಲ್ಲಲಿಲ್ಲ. ಗಾದೆಗೆ ಸಂದಿತು, ಅದೂ ಮದ್ದಲ್ಲವೆಂದು ಅನ್ನಿಸಿಕೊಳ್ಳುವುದಕ್ಕೆ. ನಮ್ಮ ಹಿತ್ತಲು 40 ಅಡಿ ಅಗಲ, 18 ಅಡಿ ಆಳ. ಈಶಾನ್ಯದಲ್ಲಿ ಬಾವಿ, ಅದರ ಮಗ್ಗುಲಿಗೆ ಒಗೆಯುವ ಕಲ್ಲು, ಆಚೆ ಬಚ್ಚಲು, ತೀರ ಕೊನೆಯಲ್ಲಿ ಪಾಯಿಖಾನೆ, ಅದರ ಹಿಂದೆ ಕನ್ಸರ್ವೆನ್ಸಿ ಓಣಿ. ಸೇದುವಾಗ ಚೆಲ್ಲಿದ ಬಾವಿಯ ನೀರು ತುಳಸಿಗೆ, ಪೂಜೆಯ ಹೂಗಿಡಗಳಿಗೆ. ಆ ಗಿಡಗಳಿಗೆ ಬೇರೆ ನೀರು ಸೋಕಬಾರದು. ಮುಸುರೆ ತೊಳೆದ ನೀರು ಬಸಳೆಯ ಚಪ್ಪರಕ್ಕೆ, ಸೀಮೆಬದನೆಯ ಬಳ್ಳಿಗೆ. ಆಗ ಪಾತ್ರೆ ಬೆಳಗುತ್ತಿದ್ದದ್ದು ಬೂದಿ ಹುಣಸೆಹಣ್ಣುಗಳಿಂದ. ಬಳ್ಳಿಗೆ ಅದರಿಂದ ಕೇಡಿರಲಿಲ್ಲ. ಮಜ್ಜಿಗೆಯ ಪಾತ್ರೆ ಗಲಬರಿಸಿದ ನೀರಿಗೆ ಅಡುಗೆಮನೆಯ ಬಾಗಿಲಲ್ಲೇ ಕರಿಬೇವು ಕಾದಿರುತ್ತಿತ್ತು. ಒಗೆದ ನೀರು ತೆಂಗಿಗೆ. ಬಚ್ಚಲಿನ ನೀರು ಬಾಳೆಗೆ, ಬಾಳೆ ಕುಡಿದು ಮಿಕ್ಕದ್ದು ಕೆಸುವಿಗೆ. ಓಣಿಯ ಕಡೆಗೆ ನುಗ್ಗೆ, ಗೋರಂಟಿ. ಹೀಗೆ ಒಂದು ಕೊಡ ನೀರು ಮನೆಯೊಳಗೆ ಒಂದು ಕೆಲಸ ಮುಗಿಸಿ ಹೊರಬಂದು ಇನ್ನೊಂದಕ್ಕೆ ನಿಲ್ಲುತ್ತಿತ್ತು. ಯಾವ ಗಿಡ ಎಲ್ಲಿರಬೇಕೆಂಬುದನ್ನು ಆ ನೀರು ಎಷ್ಟು ಸಲ ಬಳಕೆಯಾಗಿದೆಯೆಂಬುದೇ ನಿಶ್ಚಯಿಸುತ್ತಿತ್ತು.

ಮುಂದಿನ ತೋಟ ಪರದೇಶಿ, ಹಿತ್ತಲು ಸ್ವದೇಶಿ ಎಂದು ಯಾರಾದರೂ ಹೇಳಲು ಹೊರಟರೆ ನಾನು ಒಪ್ಪಲಾರೆ. ನಮ್ಮ ಭಾಷೆಯೇ ಸಾಕ್ಷಿ. ಪರಂಗಿಹಣ್ಣಿನ ಹೆಸರಿನಲ್ಲಿಯೇ ಪರಂಗಿಯವನು ಕುಳಿತಿದ್ದಾನೆ. ಸೀಬೆ, ಸೀತಾಫಲ, ಮೆಣಸಿನಕಾಯಿ, ಸಂಜೆಮಲ್ಲಿಗೆ, ಚೆಂಡುಹೂ ಎಲ್ಲವೂ ಅಮೆರಿಕದಿಂದ ಕಡಲು ದಾಟಿ ಬಂದವು. ಸೀಮೆಬದನೆಯ 'ಸೀಮೆ'ಯೂ ಅದೇ ಕಥೆ: ಕ್ಯಾಮರನ್ನನ ಕಾಲದಲ್ಲಿ ಲಾಲ್‌ಬಾಗಿನ ಮೂಲಕ ಇಳಿದ ಆ ಮೆಕ್ಸಿಕೋದ ಬಳ್ಳಿ ನಮ್ಮ ಹಿತ್ತಲುಗಳಿಗೆ ಎಷ್ಟು ಒಗ್ಗಿತೆಂದರೆ, ತಮಿಳರೂ ತೆಲುಗರೂ ಅದನ್ನು ಇಂದು 'ಬೆಂಗಳೂರು ಬದನೆ' ಎಂದೇ ಕರೆಯುತ್ತಾರೆ. ಹೊಸ ಗಿಡವನ್ನು ಬರಮಾಡಿಕೊಳ್ಳುವುದರಲ್ಲಿ ಅಮ್ಮಂದಿರು ಯಾವ ಸೂಪರಿಂಟೆಂಡೆಂಟನಿಗೂ ಕಡಮೆಯಿರಲಿಲ್ಲ. ಸಾರಿಗಾದೀತೆ, ಹುಳಿಗಾದೀತೆ ಎಂಬುದಷ್ಟೇ ಅವರ ಪರೀಕ್ಷೆ.

ಹಿತ್ತಲನ್ನು ಹೊಗಳುವ ಭರದಲ್ಲಿ ಇನ್ನೊಂದನ್ನು ಮುಚ್ಚಿಡಬಾರದು. ಬಾವಿಯಿಂದ ಓಣಿಯವರೆಗೆ ನೀರು ಮೈಲಿಗೆಯಾಗುತ್ತ ಹೋಗುವ ಆ ಕ್ರಮ ಮನುಷ್ಯರಿಗೂ ಅನ್ವಯವಾಗುತ್ತಿತ್ತು. ಓಣಿಯ ಬಾಗಿಲಿನಿಂದ ಬರುತ್ತಿದ್ದ ಜಾಡಮಾಲಿಗೆ ನಮ್ಮ ಬಾವಿ ಹತ್ತು ಹೆಜ್ಜೆ ದೂರ, ಆದರೂ ಮುಟ್ಟುವಂತಿಲ್ಲ. ಅವನು ಕೈ ಬೊಗಸೆ ಮಾಡಿ ನುಗ್ಗೆಯ ಬುಡದಲ್ಲಿ ನಿಲ್ಲುತ್ತಿದ್ದ. ಅಮ್ಮ ಮೇಲಿನಿಂದ ನೀರು ಹೊಯ್ಯುತ್ತಿದ್ದಳು. ಆ ನುಗ್ಗೆಯನ್ನು ಅಲ್ಲಿ ನೆಟ್ಟದ್ದು ಮರೆಗಾಗಿ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದಾಗ ನಮ್ಮ ಬೀದಿಯಲ್ಲಿ ಗೊಣಗಿದವರೂ ಇದ್ದರು. ಓಣಿಗಳು ಕ್ರಮೇಣ ಒತ್ತುವರಿಯಾಗಿ ಕಾಣೆಯಾದವು.

ಆಮೇಲಿನ ಚರಿತ್ರೆಯನ್ನು ಚುಟುಕಾಗಿ ಹೇಳಿ ಮುಗಿಸಬಹುದು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಒಂದೊಂದು ಸಲ ಹೊಸ ನೀರು ಬಂದಾಗಲೂ ಒಂದಷ್ಟು ಬಾವಿಗಳು ಮುಚ್ಚಿದವು. 1945ರ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ, 1976ರ ಅಭಿವೃದ್ಧಿ ಪ್ರಾಧಿಕಾರ ಹಂಚಿದ ನಿವೇಶನಗಳಲ್ಲಿ ಮನೆಯ ಸುತ್ತ ಬಿಡಬೇಕಾದ ಜಾಗ ಕೆಲವೇ ಅಡಿಗಳಿಗೆ ಇಳಿಯಿತು. ಹಿಂದಿದ್ದ ಬಾವಿ ಮುಂದಕ್ಕೆ ಬಂದು, ಕಾರಿನ ಅಡಿಯಲ್ಲಿ ಸಂಪಾಗಿ ಮಲಗಿತು. ಬಳಸಿದ ನೀರು ಯಾರ ಕಣ್ಣಿಗೂ ಬೀಳದೆ ಕೊಳವೆಯಲ್ಲಿ ಹರಿದು ಊರಾಚೆಗೆ ಹೋಗತೊಡಗಿತು. ಹಿತ್ತಲಿಗೆ ಇನ್ನು ಕಾರಣವೇ ಉಳಿಯಲಿಲ್ಲ.

ನಮ್ಮ ಮನೆಯಲ್ಲಿ ಆ ಕೆಲಸವನ್ನು ಮಾಡಿದವನು ನಾನು. 1986ರಲ್ಲಿ ನನಗೆ ಪುಸ್ತಕಗಳಿಡಲು ಒಂದು ಕೋಣೆ ಬೇಕಾಯಿತು. ಹೊಸದಾಗಿ ಮದುವೆಯಾಗಿದ್ದವನು, ಕಾಲೇಜಿನಲ್ಲಿ ಕೆಲಸ ಖಾಯಂ ಆಗಿತ್ತು, ಸಂಶೋಧನೆಯ ಹುಮ್ಮಸ್ಸು. ತಂದೆಯವರ ವೃತ್ತವನ್ನು ಮುಟ್ಟುವ ಮಾತೇ ಇರಲಿಲ್ಲ, ಅದು ಮನೆಯ ಮುಖ. ಹಿತ್ತಲಲ್ಲಿ 'ಸುಮ್ಮನೆ ಬಿದ್ದಿದ್ದ' ಜಾಗವಿತ್ತು. ಬಾವಿಗೆ ಚಪ್ಪಡಿ ಎಳೆಸಿದೆ. ಬಚ್ಚಲಿನ ನೀರನ್ನು ಒಳಚರಂಡಿಗೆ ಸೇರಿಸಿದೆ. ತಳಪಾಯಕ್ಕೆ ಅಡ್ಡವಾಗಿದ್ದ ಪಾರಿಜಾತವನ್ನು ನಿಂತು ಕಡಿಸಿದೆ. ಅಮ್ಮ ಜಗಳ ಮಾಡಲಿಲ್ಲ. ಆ ದಿನ ಬೆಳಗ್ಗೆ ಎಂದಿನಂತೆ ಬಿದ್ದಿದ್ದ ಹೂವನ್ನು ಆಯ್ದುಕೊಂಡು ಒಳಗೆ ಹೋದಳು. ಮರುವಾರ ಡಾಲ್ಡಾ ಡಬ್ಬಗಳಿಗೆ ತೂತು ಹೊಡೆದು, ದೊಡ್ಡಪತ್ರೆಯನ್ನೂ ಒಂದೆಲಗವನ್ನೂ ಅವುಗಳಲ್ಲಿಟ್ಟು ತಾರಸಿಗೆ ಸಾಗಿಸಿದಳು. ಅಕ್ಕಿ ತೊಳೆದ ಅಕ್ಕಚ್ಚನ್ನು ಚೊಂಬಿನಲ್ಲಿ ಹಿಡಿದು, ಐವತ್ತೆಂಟರ ವಯಸ್ಸಿನಲ್ಲಿ, ದಿನಕ್ಕೆರಡು ಸಲ ಮೆಟ್ಟಿಲು ಹತ್ತುತ್ತಿದ್ದಳು. ನಾನು ಕೆಳಗೆ ಕೋಣೆಯಲ್ಲಿ ಓದುತ್ತಿದ್ದೆ. ಬಸಳೆಯ ಚಪ್ಪರವಿದ್ದ ಜಾಗಕ್ಕೆ ಸರಿಯಾಗಿ ನನ್ನ ಕಪಾಟು. ಅದರ ಎರಡನೆಯ ಹಲಗೆಯ ಮೇಲೆ 'ಲೋಕೋಪಕಾರ' ಇತ್ತು.

ಅಮ್ಮ 1997ರಲ್ಲಿ ತೀರಿಕೊಂಡಳು. 2023ರಲ್ಲಿ ಕಟ್ಟಡ ಕೆಡವಿದಾಗ ನನ್ನ ಆ ಕೋಣೆಯೂ ಹೋಯಿತು. ನನ್ನ ಪಾಲಿಗೆ ಬಂದ ಪಟ್ಟಿ ಆ ಹಳೆಯ ಹಿತ್ತಲಿನದೇ ಒಂದು ಸೀಳು. ಅಲ್ಲಿ ಹಿಂದೆ ಏನೆಲ್ಲ ಎಲ್ಲೆಲ್ಲಿ ಇತ್ತೆಂದು ಬರೆದುಕೊಳ್ಳಲು ಕುಳಿತರೆ ನನ್ನ ನೆನಪು ಅರ್ಧಕ್ಕೆ ಕೈಕೊಟ್ಟಿತು. ಎಪ್ಪತ್ತನಾಲ್ಕು ದಾಟಿರುವ ಅಕ್ಕನನ್ನು ಕರೆಸಿದೆ.

ಅಕ್ಕ ಕಾಗದ ಪೆನ್ನು ಬೇಡವೆಂದಳು. ಕಾರು ನಿಲ್ಲಿಸುವ ಸಿಮೆಂಟು ನೆಲದ ಮೇಲೆ ಮಣೆ ಹಾಕಿಸಿಕೊಂಡು ಕುಳಿತು ರಂಗೋಲಿಪುಡಿ ತರಿಸಿದಳು. ನಾನು ಮೊದಲು ಗಿಡಗಳನ್ನು ಗುರುತಿಸುತ್ತಾಳೆಂದುಕೊಂಡಿದ್ದೆ. ಅವಳು ಬಾವಿಗೊಂದು ಸೊನ್ನೆ ಹಾಕಿ, ಅಲ್ಲಿಂದ ಎಳೆ ಎಳೆದಳು. ಕಲ್ಲಿನಿಂದೊಂದು, ಅಡುಗೆಮನೆಯಿಂದೊಂದು, ಬಚ್ಚಲಿನಿಂದೊಂದು. ಎಳೆಗಳು ಬಾಗಿ ಬಳುಕಿ ಹಿತ್ತಲಿನ ತುಂಬ ಹರಡಿದ ಮೇಲೆ ಅವುಗಳ ತುದಿಗಳಲ್ಲಿ ಒಂದೊಂದು ಚುಕ್ಕಿ ಇಟ್ಟಳು. ಆ ಚುಕ್ಕಿಗಳು ಗಿಡಗಳು. "ಗಿಡ ಎಲ್ಲಿಡಬೇಕು ಅಂತ ಅಮ್ಮ ಯೋಚನೆ ಮಾಡಿದ್ದನ್ನು ನಾನು ನೋಡಲೇ ಇಲ್ಲ ಕಣೋ. ನೀರು ಎಲ್ಲಿಗೆ ಹೋಗುತ್ತೆ ಅಂತ ನಾಲ್ಕು ದಿವಸ ನೋಡೋಳು. ಆಮೇಲೆ ಗಿಡ" ಎಂದಳು. ನಾನು ಅವಸರದಲ್ಲಿ ಒಂದು ಹಳೆಯ ಲಗ್ನಪತ್ರಿಕೆಯ ಬೆನ್ನಿಗೆ ಅದನ್ನು ನಕಲು ಮಾಡಿಕೊಂಡೆ. ಸಂಜೆ ಮೇಲಿನ ಮನೆಯವರ ಕಾರು ಬಂದು ರಂಗೋಲಿಯನ್ನು ಅಳಿಸಿತು. ನಮ್ಮ ಹಿತ್ತಲಿನ ವಿಷಯದಲ್ಲಿ ಇಂದು ಉಳಿದಿರುವ ಏಕೈಕ ದಾಖಲೆ ಆ ಲಗ್ನಪತ್ರಿಕೆ.

ಅದನ್ನು ನೋಡಿಕೊಂಡು ವಿನ್ಯಾಸದ ಹುಡುಗಿಯೂ ನಾನೂ ಮತ್ತೆ ಕುಳಿತೆವು. ಅವಳು ಬೇಸರಿಸಲಿಲ್ಲ; ಬದಲಿಗೆ ನನಗಿಂತ ಬೇಗ ಅರ್ಥ ಮಾಡಿಕೊಂಡಳು. ಈಗಿನ ಸಾಬೂನಿನ ನೀರನ್ನು ಹಳೆಯ ಮುಸುರೆಯ ನೀರಿನಂತೆ ನಂಬಲಾಗದೆಂದು ಅವಳು ಎಚ್ಚರಿಸಿದ್ದು ಸರಿ. ಆದ್ದರಿಂದ ತರಕಾರಿ, ಅಕ್ಕಿ, ಬೇಳೆ ತೊಳೆಯುವುದಕ್ಕೆ ಅಡುಗೆಮನೆಯ ಹಿಂಬಾಗಿಲಲ್ಲಿ ಬೇರೊಂದು ತೊಟ್ಟಿ ಮಾಡಿಸಿ, ಅದರ ನೀರು ತೆರೆದ ಮೋರಿಯಲ್ಲಿ ಪಟ್ಟಿಯ ಉದ್ದಕ್ಕೂ ಹರಿಯುವಂತೆ ಸಣ್ಣ ಇಳಿಜಾರು ಕೊಟ್ಟೆವು. ಮಾಳಿಗೆಯ ನೀರೂ ಇದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 1,000 ಚದರ ಅಡಿ ಮಾಳಿಗೆಯ ಮೇಲೆ ಬೀಳುವುದೇ ಹತ್ತಿರಹತ್ತಿರ 90,000 ಲೀಟರು. ದೊಡ್ಡ ನಿವೇಶನಗಳಲ್ಲಿ ಮಳೆಕೊಯ್ಲು 2009ರಿಂದ ಕಡ್ಡಾಯವೆಂದು ಕಾನೂನಿದ್ದುದರಿಂದ ನಮ್ಮಲ್ಲಿ ಕೊಳವೆ ಮೊದಲೇ ಇತ್ತು. ಅದಕ್ಕೊಂದು ಕವಲು ಹಾಕಿಸಿ ಗೋಡೆಯ ಬದಿಯ ಹಂಡೆಗೆ ಇಳಿಸಿದೆವು. ಮೋರಿಯ ಆರಂಭದಲ್ಲಿ ಕರಿಬೇವು. ನೆರಳಿನ ನಡುಭಾಗದಲ್ಲಿ ಒಂದೆಲಗ, ಗೋಡೆಗೆ ವೀಳ್ಯದೆಲೆ, ಕೊನೆಗೆ ಒಂದು ಏಲಕ್ಕಿ ಬಾಳೆ, ಅದರ ಬುಡಕ್ಕೆ ಕೆಸು. ದೊಡ್ಡಪತ್ರೆಯ ಕಡ್ಡಿಯನ್ನು ಅಕ್ಕ ತನ್ನ ಮನೆಯಿಂದ ತಂದಳು. ಅದು ಅಮ್ಮನ ಡಾಲ್ಡಾ ಡಬ್ಬದ ಸಂತಾನ. ಬುದ್ಧನ ತಲೆಯನ್ನು ಅಂಗಡಿಗೆ ಹಿಂದಿರುಗಿಸಲಾಯಿತು.

ಒಂದೇ ಒಂದು ಚುಕ್ಕಿಯ ವಿಷಯದಲ್ಲಿ ಅಕ್ಕನಿಗೂ ನನಗೂ ಇಂದಿಗೂ ಒಪ್ಪಂದವಾಗಿಲ್ಲ. ಪಾರಿಜಾತವಿದ್ದದ್ದು ಬಾವಿಕಟ್ಟೆಯ ಪಡುವಲಿಗೆ ಎಂದು ಅವಳು. ಬಚ್ಚಲಿನ ಕಿಟಕಿಗೆ ಎದುರಾಗಿ ಎಂದು ನಾನು. ಪೂಜೆಯ ಹೂವಿನ ಗಿಡಕ್ಕೆ ಬಚ್ಚಲಿನ ನೀರು ಹಾಯುವ ಕಡೆ ಅಮ್ಮ ಎಂದಾದರೂ ಜಾಗ ಕೊಟ್ಟಾಳೆಯೇ ಎಂಬುದು ಅವಳ ತರ್ಕ. ಕಡಿಸುವಾಗ ಪಕ್ಕದಲ್ಲಿ ನಿಂತಿದ್ದವನು ನಾನು, ನನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು ಎಂದು ಹೇಳಹೊರಟವನು ಬಾಯಿ ಮುಚ್ಚಿಕೊಂಡೆ. ಅವಳು ಹೇಳಿದ ಕಡೆಯಲ್ಲಿಯೇ ಸಸಿ ನೆಟ್ಟಿದ್ದೇನೆ. ಈ ಶ್ರಾವಣಕ್ಕೆ ಅದು ನನ್ನ ಎದೆಯೆತ್ತರ ಬಂದಿದೆ; ಹೂವು ಇನ್ನೂ ಬಿಟ್ಟಿಲ್ಲ.